ಕೊಡ ಎತ್ತುವಾಗಿನ ಉಸಿರು

ದೆವ್ವ, ಆತ್ಮ ಎಂದು ಯಾರಾದರೂ ಮಾತು ತೆಗೆದರೆ ಎದ್ದು ಹೋಗುವವನು ನಾನು. ಬಾಗಲಕೋಟೆಯಲ್ಲಿ ಸ್ಕ್ಯಾನಿಂಗ್ ಕೋಣೆ ಇಟ್ಟುಕೊಂಡಿರುವ ವೈದ್ಯ. ಪರದೆಯ ಮೇಲೆ ಕಂಡದ್ದನ್ನಷ್ಟೇ ನಂಬಿ ಅನ್ನ ಉಣ್ಣುವವನು. ಇದನ್ನು ಓದಿ ನೀವು ನಕ್ಕರೆ ಬೇಸರವಿಲ್ಲ. ನಿಮ್ಮ ಜಾಗದಲ್ಲಿದ್ದರೆ ನಾನೂ ನಗುತ್ತಿದ್ದೆ.

ಮೊದಲು ಹಾಜರಾಬಿಯ ವಿಷಯ ಹೇಳಬೇಕು. ಕೋಣೆ ಶುರುವಾದಾಗಿನಿಂದ ನನ್ನ ಸಹಾಯಕಿಯಾಗಿದ್ದ ಹೆಂಗಸು. ಲಿವರ್ ನೋಡುವಾಗ ರೋಗಿ ಉಸಿರೆಳೆದು ಹಿಡಿಯಬೇಕು. ಆಗ ಪಕ್ಕೆಲುಬಿನ ಮರೆಯಲ್ಲಿರುವ ಲಿವರ್ ಕೆಳಗಿಳಿದು ಕಾಣುತ್ತದೆ. ನಾನು ಹೇಳಿದರೆ ಜನ ಗಾಬರಿಯಾಗಿ ಬಾಯಿಯನ್ನಷ್ಟೇ ಮುಚ್ಚಿಕೊಳ್ಳುತ್ತಿದ್ದರು. ಆಕೆ ರೋಗಿಯ ತಲೆಯ ಹತ್ತಿರ ನಿಂತು, "ತುಂಬಿದ ಕೊಡ ಎತ್ತೂ ಮುಂದ ಹಿಡಿತಿಯಲ್ಲ, ಹಂಗ ಹಿಡಿ ನನ್ನಪ್ಪಾ" ಎನ್ನುತ್ತಿದ್ದಳು. ಎಂಥವರಿಗೂ ತಿಳಿಯುತ್ತಿತ್ತು.

ಊರ ಮಂದಿಯನ್ನೆಲ್ಲ ಆ ಮಂಚದ ಮೇಲೆ ಮಲಗಿಸಿದವಳು ತಾನು ಮಲಗಿದ್ದು ಒಂದೇ ಸಲ. ಲಿವರ್ ತುಂಬ ಕ್ಯಾನ್ಸರ್ ಗಡ್ಡೆಗಳಿದ್ದವು. ಪರದೆ ನೋಡಿ ನೋಡಿ ಕಲಿತಿದ್ದಳಲ್ಲ, ನಾನು ಏನೂ ಹೇಳಬೇಕಾಗಲಿಲ್ಲ. ಆಕೆ ತೀರಿಹೋದ ಮೇಲೆ ಆ ಜಾಗಕ್ಕೆ ಇನ್ನೊಬ್ಬರನ್ನು ತರಲು ನನಗೆ ಮನಸ್ಸಾಗಲಿಲ್ಲ.

ಮರುವರ್ಷ ಒಂದು ಮಧ್ಯಾಹ್ನ ರಾಮಥಾಳದ ಕಡೆಯಿಂದ ಮಾಳಪ್ಪ ಎಂಬ ಕುರಿ ಸಾಕುವವನು ಬಂದ. ಮೊದಲ ಸಲ ಬಂದವನು. ಕಾಮಾಲೆಯ ವೈರಸ್ಸಿನಿಂದ ಲಿವರ್ ಕೆಡುತ್ತಿದೆ, ಗಡ್ಡೆ ಆಗಿದೆಯೇ ನೋಡಿ ಎಂದು ಹುನಗುಂದದ ಡಾಕ್ಟರು ಕಳಿಸಿದ್ದರು. ಹಣೆಯ ಮೇಲೆ ಬೀರಪ್ಪನ ಭಂಡಾರ. ಹೊರಗೆ ಹೆಂಡತಿ ಎಳೆಗೂಸು ಹಿಡಿದು ಕೂತಿದ್ದಳು.

"ಇದ್ದದ್ದ ಹೇಳ್ರಿ ಸಾಹೇಬ್ರ. ಮಗಳಿಗೆ ಇನ್ನೂ ಕೂಡಾಕ ಬರಂಗಿಲ್ಲ" ಎಂದ.

ಎಲ್ಲ ಕಡೆ ನೋಡಿದೆ, ಏನೂ ಸಿಗಲಿಲ್ಲ. ಉಸಿರು ಹಿಡಿಯಲು ಅವನಿಗೂ ಬರಲೊಲ್ಲದು. ಲಿವರಿನ ಮೇಲ್ಭಾಗ ಮರೆಯಲ್ಲೇ ಉಳಿಯಿತು. ಹೇಳಿ ಹೇಳಿ ಸಾಕಾಗಿ ನಾನು ಸುಮ್ಮನಾದೆ. ಆರು ತಿಂಗಳು ಬಿಟ್ಟು ಮತ್ತೆ ಬರಲಿ ಎಂದುಕೊಂಡು ಹೊಟ್ಟೆಯ ಮೇಲೆ ಆಡಿಸುತ್ತಿದ್ದ ಪ್ರೋಬ್ ಎತ್ತಬೇಕು, ಅಷ್ಟರಲ್ಲಿ ಅವನು ತಾನಾಗಿ ಆಳವಾಗಿ ಉಸಿರೆಳೆದು ಹಿಡಿದ. ಲಿವರ್ ಕೆಳಗಿಳಿಯಿತು. ಅದರ ನೆತ್ತಿಯಲ್ಲಿ ಗೋಲಿಗುಂಡಿನಷ್ಟು ಗಡ್ಡೆ ಇತ್ತು.

ಚಿತ್ರ ತೆಗೆದುಕೊಂಡು, ಈಗ ಹೇಗೆ ಬಂತೋ ಎಂದು ಕೇಳಿದೆ.

"ಆ ಆಯಿ ಹೇಳಿದ್ರಲ್ರಿ, ಕೊಡ ಎತ್ತೂ ಮುಂದ ಹಿಡದಂಗ ಹಿಡಿ ಅಂತ. ತಲಿ ಕಡೆ ನಿಂತಿದ್ರು. ಹೊರಗ ಹೋದ್ರೇನ್ರಿ?"

ಬಾಗಿಲಿಗೆ ಒಳಗಿನಿಂದ ಚಿಲಕ ಹಾಕಿತ್ತು. ಕೋಣೆಯಲ್ಲಿ ನಾವಿಬ್ಬರೇ. ನನಗೆ ಹೆದರಿಕೆಗಿಂತ ಅಳು ಬಂತು, ಅದನ್ನು ಮುಚ್ಚಿಡುವುದಿಲ್ಲ.

ಗಡ್ಡೆ ಕ್ಯಾನ್ಸರೇ ಆಗಿತ್ತು. ಸಣ್ಣದಿದ್ದಾಗಲೇ ಸಿಕ್ಕಿದ್ದರಿಂದ ಹುಬ್ಬಳ್ಳಿಯಲ್ಲಿ ಸ್ಕ್ಯಾನ್ ನೋಡುತ್ತಲೇ ಗಡ್ಡೆಯೊಳಗೆ ಸೂಜಿ ಇಳಿಸಿ ಅದನ್ನು ಸುಟ್ಟರು. ಅವನ ಊರಿನವರು ಯಾರಾದರೂ ಹಿಂದೆ ನನ್ನಲ್ಲಿಗೆ ಬಂದು, ಹಾಜರಾಬಿಯ ಮಾತನ್ನು ಅಲ್ಲಿ ಆಡಿದ್ದಿರಬಹುದು ಎಂದು ಎಷ್ಟೋ ಸಲ ಸಮಾಧಾನ ಮಾಡಿಕೊಂಡಿದ್ದೇನೆ. ಕೇಳಿದರೆ, ಹಂಗ ಯಾರೂ ಹೇಳಿಲ್ಲರಿ ಎನ್ನುತ್ತಾನೆ.

ಈಗಲೂ ತಪಾಸಣೆಗೆ ಬರುತ್ತಾನೆ. ಹೋದ ಸಲ ಮಗಳು ಅವನ ಬೆರಳು ಹಿಡಿದು ನಡೆದೇ ಬಂದಳು. ಮಂಚದ ಮೇಲೆ ಮಲಗಿ, ನಾನು ಹೇಳುವ ಮೊದಲೇ ಉಸಿರು ಹಿಡಿದ. ಎಲ್ಲ ನೆಟ್ಟಗಿತ್ತು. ಏಳುವಾಗ, "ಆಯಿ ಇವತ್ತ ಬಂದಿಲ್ಲೇನ್ರಿ?" ಎಂದ.

ಇಲ್ಲಪ್ಪ ಎಂದೆ. ಹೇಳುವಾಗ ಮಂಚದ ತಲೆಯ ಕಡೆ ತಿರುಗಿ ನೋಡಲು ಮಾತ್ರ ನನ್ನಿಂದ ಆಗಲಿಲ್ಲ.