ಹೆಬ್ಬಾಗಿಲ ಮೇಲಿನ ಕೆಂಪು ಗೆರೆ

ಮಕ್ಕಳೇ, ಇದು ಅರವತ್ತರ ದಶಕದ ಮೊದಲ ವರ್ಷಗಳ ಮಾತು. ಜಯನಗರದ ಎಷ್ಟೋ ಸೈಟುಗಳಲ್ಲಿ ಇನ್ನೂ ರಾಗಿ ಕೂಳೆ ಕಾಣುತ್ತಿತ್ತು. ಯಡಿಯೂರಿನ ನಮ್ಮ ಮನೆಯಿಂದ ನಡೆದು ಹೋಗುವಷ್ಟು ದೂರದಲ್ಲಿ ಕ್ರೈಸ್ತ ಸನ್ಯಾಸಿನಿಯರು ಹೆಣ್ಣುಮಕ್ಕಳ ಶಾಲೆ ಕಟ್ಟಿಸುತ್ತಿದ್ದರು. ನಿಮ್ಮ ತಾತ ಅಲ್ಲಿ ಮೇಸ್ತ್ರಿ, ನಾನು ಸುಣ್ಣದ ಗಾರೆ ಕಲಸುವ ಆಳು.

ಕಲ್ಲಿನ ಗೋಡೆ, ಉದ್ದನೆಯ ವರಾಂಡ, ಅದಕ್ಕೆ ಏಳು ಕಮಾನು, ನಡುವೆ ಹೆಬ್ಬಾಗಿಲು. ಬಾಗಿಲ ಮೇಲೆ ಲಿಂಟಲ್, ಅಂದರೆ ಮೇಲಿನ ಗೋಡೆಯ ಭಾರ ಹೊರುವ ಕಾಂಕ್ರೀಟ್ ತೊಲೆ. ಅದರ ಮೇಲೆ ಶಿಲುಬೆ ಇಡಲು ಒಂದು ಗೂಡು.

ನಮ್ಮಲ್ಲಿ ಹೆಬ್ಬಾಗಿಲಿಗೆ ಅರಿಶಿನ ಮುಟ್ಟಿಸದೆ ಯಾವ ಕಟ್ಟಡವೂ ಮುಗಿಯುವುದಿಲ್ಲ. ಆ ಸನ್ಯಾಸಿನಿಯರ ಹಿರಿಯರಾದ ಮದರ್ ಅವರನ್ನು ಕೇಳಲು ನನಗೆ ಸಂಕೋಚ. ಚೌಕಟ್ಟಿಗೂ ಲಿಂಟಲ್‌ಗೂ ನಡುವಿನ ಸಂದಿಗೆ ಅರಿಶಿನದ ಮುದ್ದೆ ತುರುಕಿ ಮೇಲೆ ಗಾರೆ ಮೆತ್ತಿದೆ. ತಾತನಿಗೂ ಹೇಳಲಿಲ್ಲ.

ಶಾಲೆ ತೆರೆಯಲು ಎರಡು ವಾರ ಉಳಿದಿತ್ತು. ಲಿಂಟಲ್‌ನ ಅಂಚಿನುದ್ದಕ್ಕೂ ಕೆಂಪು ಗೆರೆ ಮೂಡಿತು.

"ಏನ್ ಮೇಸ್ತ್ರಿ, ಒಳಗಿನ ಕಂಬಿ ತುಕ್ಕು ಹಿಡಿದೈತಲ್ಲ!" ಎಂದರು, ಮದರ್ ಜೊತೆ ಕೆಲಸ ನೋಡಲು ಬಂದಿದ್ದ ಎಂಜಿನಿಯರ್.

"ಇಲ್ಲ ಸಾರ್, ಕಂಬಿ ಚೆನ್ನಾಗಿ ಮುಚ್ಚಿದೀನಿ."

"ಹಂಗಾದ್ರೆ ಇದೇನು, ಎಲೆಅಡಿಕೆ ಉಗುಳಾ? ನಾಳೆ ಒಡೀರಿ. ನೀವು ಬೇಡ, ಬೇರೆಯವರು ಬರ್ತಾರೆ."

ತಾತ ತಲೆ ತಗ್ಗಿಸಿ ನಿಂತರು. ಅಷ್ಟು ವರ್ಷದ ಹೆಸರು ನನ್ನಿಂದ ಹೋಗುತ್ತಿತ್ತು. ಸಿಸ್ಟರ್‌ಗಳ ಅಡುಗೆಮನೆಗೆ ಓಡಿ ಚಿಟಿಕೆ ಅರಿಶಿನ ಬೇಡಿ ತಂದೆ. ಅಂಗೈಯಲ್ಲಿ ಹಸಿ ಸುಣ್ಣ ಇಟ್ಟು, ಅರಿಶಿನ ಉಜ್ಜಿ, ಕೈ ಚಾಚಿದೆ. ಅಂಗೈ ಕೆಂಪಾಯಿತು.

ಮಂಗಳೂರಿನ ಕಡೆಯವರಾದ ಮದರ್ ನನ್ನ ಕೈಯನ್ನೂ ಗೋಡೆಯನ್ನೂ ನೋಡಿದರು. "ಅಲ್ಲಿಯೂ ಇದನ್ನೇ ಇಟ್ಟಿದ್ದೀಯಾ?"

ತಲೆಯಾಡಿಸಿದೆ. ತಾತ ಸಂದಿ ಕೆರೆದರು. ಮೇಲೆ ಕೆಂಪು, ಒಳಗೆ ಹಳದಿಯಾಗಿದ್ದ ಮುದ್ದೆ ಉದುರಿತು. ಎಂಜಿನಿಯರ್ ಅಲ್ಲೆಲ್ಲ ಸುತ್ತಿಗೆಯಿಂದ ತಟ್ಟಿ ನೋಡಿದರು. ಕಾಂಕ್ರೀಟ್ ಗಟ್ಟಿಯಾಗಿತ್ತು, ತುಕ್ಕು ಎಲ್ಲೂ ಇರಲಿಲ್ಲ.

"ಒಡೆಯೋದು ಬೇಡ, ನೀವೇ ಮುಗಿಸಿ ಮೇಸ್ತ್ರಿ" ಎಂದರು. ನಾನು ಮರಳಗುಡ್ಡೆಯ ಮೇಲೆ ಕೂತುಬಿಟ್ಟೆ.

ಮದರ್ ನಕ್ಕರು. "ನನ್ನನ್ನು ಕೇಳಿದ್ದರೆ ಬೇಡ ಅನ್ನುತ್ತಿದ್ದೆನಾ?"

ತಾತ ಮಾತ್ರ ಮನೆಗೆ ಹೋಗುವ ದಾರಿಯುದ್ದಕ್ಕೂ, "ಬಾಯಿರೋದು ಮುದ್ದೆ ನುಂಗಕ್ಕೆ ಮಾತ್ರ ಅನ್ಕೊಂಡಿದ್ದೀಯೇನೆ?" ಎಂದು ಗೊಣಗಿದರು. ಆದರೂ ನಗುತ್ತಿದ್ದರು.

ಆ ಕೆಲಸ ನನಗೆ ಕಲಿಸಿದ್ದು ಇಷ್ಟೇ. ಒಳಗೆ ಏನಿಟ್ಟಿದ್ದೀರೆಂದು ಗಾರೆ ಮೆತ್ತುವ ಮೊದಲೇ ಹೇಳಿಬಿಡಿ. ಆಮೇಲೆ ಹೇಳಬೇಕಾದರೆ ಗೋಡೆಯನ್ನೇ ಕೆರೆಯಬೇಕಾಗುತ್ತದೆ.