ಅತ್ತೆಯ ಮಡಿ ಸೀರೆಗೆ ಅಂಜಿದ ಪುಢಾರಿ

ನಿಮ್ಮ ಅತ್ತೆಯ ಸೀರೆ ಪೊಲೀಸರಿಗೆ ಸನ್ನೆ ಮಾಡುತ್ತದೆ ಎಂದು ಮನೆಯ ಮಾಲೀಕರು ಬಂದು ಹೇಳಿದರೆ ನೀವೇನು ಮಾಡುತ್ತೀರಿ?

ನಾನು ನಕ್ಕೆ. ಅವರು ನಗಲಿಲ್ಲ. "ನಗಬೇಡಿ ಬೆನ್, ನನಗೆಲ್ಲ ತಿಳಿಯುತ್ತದೆ," ಎಂದರು. ನಮ್ಮ ಅಡುಗೆಮನೆಯ ಕಿಟಕಿಯನ್ನು ದುರುಗುಟ್ಟಿ ನೋಡಿ ಮೆಟ್ಟಿಲಿಳಿದು ಹೋದರು. (ಆ ಕಿಟಕಿಯಲ್ಲಿ ಇದ್ದದ್ದು ಒಣಗಲು ಇಟ್ಟ ಹುಣಸೆಹಣ್ಣು.)

ಇವರು ಯಾರೆಂದು ಹೇಳಬೇಕಲ್ಲ. ಬರೋಡಾದಲ್ಲಿ ನಾವಿರುವ ಓಣಿಯ ಪುಢಾರಿ. ಓಣಿಗೆಲ್ಲ ಅವರು ಕಾಕಾ, ಅವರಿಗೆ ಓಣಿಯ ಹೆಂಗಸರೆಲ್ಲ ಬೆನ್, ಅಂದರೆ ಅಕ್ಕತಂಗಿಯರು. ಕೆಳಗಿನ ಮನೆಯಲ್ಲಿ ಅವರು, ಮೇಲೆ ನಾವು. ನಾವು ಅಂದರೆ ವಿಮಾ ಕಚೇರಿಯ ಟ್ರಾನ್ಸ್‌ಫರಿನಲ್ಲಿ ಧಾರವಾಡದಿಂದ ಬಂದ ನಮ್ಮ ಯಜಮಾನರು, ನಾನು, ನಮ್ಮ ಅತ್ತೆ. ಮನೆ ಕೊಡುವಾಗ ಕಾಕಾ ಕೇಳಿದ್ದು ಒಂದೇ ಪ್ರಶ್ನೆ, "ಈರುಳ್ಳಿ ತಿನ್ನುತ್ತೀರಾ?" ಇಲ್ಲ ಎಂದೆವು. (ಅತ್ತೆಯ ಎದುರಿಗೆ ತಿನ್ನುವುದಿಲ್ಲ. ಸುಳ್ಳೇನಲ್ಲವಲ್ಲ?)

ಆಗ ಕಾಕಾ ಹೀಗಿರಲಿಲ್ಲ. ಪಡಸಾಲೆಯಲ್ಲಿ ದೊಡ್ಡದೊಂದು ತೂಗುಮಂಚ. ಅದರ ಮೇಲೆ ಕೂತು, ಕಾಲಿನಿಂದ ನೆಲ ಒತ್ತಿ ತೂಗಿಕೊಳ್ಳುತ್ತ, ಬಂದವರ ಅಹವಾಲು ಕೇಳುತ್ತಿದ್ದರು. ಓಣಿಗೆ ಇರುವ ಒಂದೇ ಫೋನು ಅವರದು. ಯಾರಿಗೆ ಕಷ್ಟ ಬಂದರೂ ಅದೇ ಫೋನು. ಧಾರವಾಡದಲ್ಲಿ ನಮ್ಮ ಮಾವನವರು ತೀರಿಕೊಂಡ ಸುದ್ದಿ ಬಂದದ್ದೂ ಅದರಲ್ಲೇ. (ಅತ್ತೆ ನಮ್ಮ ಜೊತೆಗೆ ಬಂದದ್ದು ಆಮೇಲೆ.) ಅಂದು ಕಾಕಾ ತಾವೇ ಸ್ಟೇಷನ್ನಿಗೆ ಹೋಗಿ ನಮಗೆ ಟಿಕೆಟ್ಟು ತೆಗೆಸಿಕೊಟ್ಟರು. ಅದನ್ನು ನಾನು ಮರೆತಿಲ್ಲ.

ಮರೆಯಲಾಗದ್ದು ಇನ್ನೊಂದೂ ಇದೆ.

ಈ ಮಳೆಗಾಲದ ಮೊದಲ ಜೋರು ಮಳೆಗೆ ಓಣಿಯ ತುದಿಯ ಬಾಲವಾಡಿಯ ಹೊಸ ಕಟ್ಟಡದ ಗೋಡೆ ಕುಸಿಯಿತು. ಉದ್ಘಾಟನೆಗೆ ಕಟ್ಟಿದ ತೋರಣ ಇನ್ನೂ ಬಾಗಿಲಲ್ಲೇ ಇತ್ತು. ಪುಣ್ಯಕ್ಕೆ ಮಕ್ಕಳು ಬಂದಿರಲಿಲ್ಲ. ಕುಡಿಯುವ ನೀರು ತುಂಬಿಡಲು ಬೇಗ ಬಂದಿದ್ದ ಅಲ್ಲಿನ ಆಯಾ ರೇವಾ ಅದರಡಿ ಸಿಕ್ಕಳು. ಬದುಕಲಿಲ್ಲ.

ರೇವಾ ನಮಗೆ ಪರಕೀಯಳಲ್ಲ. ಬಾಲವಾಡಿಗೆ ಹೋಗುವ ದಾರಿಯಲ್ಲಿ ದಿನಾ ಅತ್ತೆಯ ಪೂಜೆಗೆ ತುಳಸಿ ಕೊಯ್ದು ತಂದು ನಮ್ಮ ಮೆಟ್ಟಿಲ ಮೇಲೆ ಇಡುತ್ತಿದ್ದಳು. ಅತ್ತೆಗೆ ಗುಜರಾತಿ ಬಾರದು, ಅವಳಿಗೆ ಕನ್ನಡ ಬಾರದು. ಆದರೂ ಇಬ್ಬರೂ ಮೆಟ್ಟಿಲಲ್ಲಿ ನಿಂತು ಅದೇನೋ ಮಾತಾಡಿ ನಗುತ್ತಿದ್ದರು. ಈಗ ಅತ್ತೆ ಪೂಜೆಗೆ ಕೂತಾಗಲೊಮ್ಮೆ, "ತುಳಸಿ ತರೋಕಿ ಹೋದ್ಲವಾ," ಅಂತ ಕಣ್ಣೊರೆಸಿಕೊಳ್ಳುತ್ತಾರೆ.

ಬಾಲವಾಡಿ ಕಟ್ಟಿಸಿದ ಕಮಿಟಿಗೆ ಕಾಕಾ ಅಧ್ಯಕ್ಷರು. ಸಿಮೆಂಟಿಗೆ ಪರ್ಮಿಟ್ಟು ಇಲ್ಲದೆ ಒಂದು ಚೀಲವೂ ಸಿಗದ ಕಾಲ ಇದು. ಬಾಲವಾಡಿಗೆಂದು ಪರ್ಮಿಟ್ಟೂ ಸಿಕ್ಕಿತ್ತು, ಸಿಮೆಂಟೂ ಬಂದಿತ್ತು. ಕುಸಿದ ಗೋಡೆಯನ್ನು ಮಾತ್ರ ಬೆರಳಿನಿಂದ ಕೆರೆದರೆ ಮರಳು ಉದುರುತ್ತಿತ್ತು. ಹಾಗಾದರೆ ಸಿಮೆಂಟು ಎಲ್ಲಿಗೆ ಹೋಯಿತು? ಪೊಲೀಸ್ ಫೌಜದಾರರು ತನಿಖೆಗೆ ಬಂದರು. ಕಾಕಾ ಅವರ ಮನೆಯಲ್ಲಿ ಹುಡುಕಿದರು. ಏನೂ ಸಿಗಲಿಲ್ಲ.

ಅಂದಿನಿಂದ ಕಾಕಾ ಅವರ ತೂಗುಮಂಚ ನಿಂತಿತು. ತೂಗಿದರೆ ಸರಪಳಿ ಕಿರುಗುಟ್ಟುತ್ತದೆ, ಆ ಸದ್ದಿನಲ್ಲಿ ಹೊರಗೆ ಯಾರು ಏನು ಪಿಸುಗುಟ್ಟಿದರೂ ತಮಗೆ ಕೇಳುವುದಿಲ್ಲ ಎಂದು. ಮಂಚಕ್ಕೂ ಕಿಟಕಿಯ ಸರಳಿಗೂ ಹಗ್ಗ ಕಟ್ಟಿ ಕೂತರು.

ಆಮೇಲೆ ಫೋನಿಗೆ ಬೀಗ. ಆಮೇಲೆ ಹಳೆಯ ಕ್ಷೌರಿಕನಿಗೆ ಮನೆಗೆ ಬರಬೇಡ ಎಂದರು. ಕತ್ತಿ ಹಿಡಿದವನಲ್ಲವೇ? ಚಹಾ ಬಂದರೆ ಅವರ ಹೆಂಡತಿ ಕಾಕಿ ಮೊದಲು ಕುಡಿಯಬೇಕು. ಮೂವತ್ತು ವರ್ಷ ಆ ಮನುಷ್ಯನಿಗೆ ರೊಟ್ಟಿ ಸುಟ್ಟು ಬಡಿಸಿದ ಹೆಂಗಸು! ಕೊನೆಗೆ ಪಂಜರದ ಗಿಳಿಯನ್ನೂ ಸೂರತ್ತಿನ ಭಾವಮೈದುನನ ಮನೆಗೆ ಸಾಗಿಸಿದರು. ಕೇಳಿದ್ದನ್ನು ಎಲ್ಲಿ ಹೇಳಿಬಿಡುತ್ತದೋ ಎಂದು. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಎಂಬ ಗಾದೆ ನಮ್ಮಲ್ಲಿದೆ. ಇವರು ಓಣಿಯವರೆಲ್ಲರ ಹೆಗಲನ್ನೂ ಮುಟ್ಟಿ ನೋಡತೊಡಗಿದರು.

ಇದನ್ನೆಲ್ಲ ಕೇಳಿ ನೀವು ನಗಬಹುದು. ಮೊದಮೊದಲು ನಾವೂ ನಕ್ಕೆವು. ಆದರೆ ಎದುರಿನ ಮೂಲೆಯಲ್ಲಿ ಚಹಾ ಮಾರುತ್ತಿದ್ದವನ ಗಾಡಿಯನ್ನು ಮುನಿಸಿಪಾಲಿಟಿಯವರು ಬಂದು ಎತ್ತಿಕೊಂಡು ಹೋದಾಗ ನಗು ನಿಂತಿತು. ಅವನ ಅಪರಾಧ? ಕಾಕಾ ಅವರ ಬಾಗಿಲಿಗೆ ಮುಖ ಮಾಡಿ ನಿಲ್ಲುತ್ತಿದ್ದ! ಬಡವನಿಗೆ ಹೆದರಿಕೆಯಾದರೆ ತನ್ನ ಮನೆಯ ಬಾಗಿಲು ಹಾಕಿಕೊಳ್ಳುತ್ತಾನೆ. ದೊಡ್ಡವನಿಗೆ ಹೆದರಿಕೆಯಾದರೆ ಊರವರ ಬಾಗಿಲು ಹಾಕಿಸುತ್ತಾನೆ. ಅವನ ಅಂಜಿಕೆಗೆ ನಾವೇಕೆ ಬಾಡಿಗೆ ಕೊಡಬೇಕು?

ನಮ್ಮ ಸರದಿಯೂ ಬಂತು. "ಮನೆಯಲ್ಲಿ ಗುಜರಾತಿಯಲ್ಲೇ ಮಾತಾಡಿ, ಸ್ವಲ್ಪ ಜೋರಾಗಿ ಮಾತಾಡಿ," ಎಂದು ಕಾಕಾ ನಮ್ಮ ಯಜಮಾನರಿಗೆ ಅಪ್ಪಣೆ ಮಾಡಿದರು. ಅತ್ತೆಗೆ ಬರುವುದು "ಕೇಮ್ ಛೋ", ಅಂದರೆ ಹೇಗಿದ್ದೀರಿ, ಅದೊಂದೇ. ಅದನ್ನೇ ದಿನವಿಡೀ ಕೂಗಿಕೊಂಡಿರಬೇಕೇ?

ಅಷ್ಟರಲ್ಲಿ ಸೀರೆಯ ಪ್ರಕರಣ. ನಮ್ಮ ಅತ್ತೆಯ ಮಡಿ ದೊಡ್ಡದು. (ನನಗೂ ಆ ಮಡಿಗೂ ಅಷ್ಟಕ್ಕಷ್ಟೆ. ಅದು ಬೇರೆ ಮಾತು.) ಮಹಡಿಯ ಮೂಲೆಯಲ್ಲಿ ಎತ್ತರಕ್ಕೆ ಕಟ್ಟಿದ ಬಿದಿರು ಗಳ. ಒದ್ದೆ ಸೀರೆಯನ್ನು ಕೋಲಿನಿಂದ ಎತ್ತಿ ಅದರ ಮೇಲೆ ಹರವುತ್ತಾರೆ. ಅದನ್ನು ಯಾರೂ ಮುಟ್ಟಕೂಡದು. ಆ ಮೂಲೆಗೆ ಸೊಸೆಗೂ ಪ್ರವೇಶವಿಲ್ಲ. ಶ್ರಾವಣದ ಆಕಾಶ ನಿಮಗೆ ಗೊತ್ತಲ್ಲ. ಬಿಸಿಲು ಬಂದರೆ ಸೀರೆ ಮೇಲೆ, ಹನಿ ಬಿದ್ದರೆ ಕೆಳಗೆ, ಮತ್ತೆ ಬಿಸಿಲು, ಮತ್ತೆ ಮೇಲೆ. ಕೆಂಪು ಸೀರೆ ಬೇರೆ. ಬೀದಿಯ ತುದಿಗೂ ಕಾಣುತ್ತದೆ.

ಸೀರೆ ಏರಿದಾಗಲೇ ಫೌಜದಾರರ ಜೀಪು ಬರುತ್ತದೆ ಎಂಬುದು ಕಾಕಾ ಅವರ ಶೋಧ. ಹೌದು, ಬರುತ್ತದೆ! ಬಿಸಿಲು ಬಿದ್ದರೆ ಸೀರೆಯೂ ಹೊರಗೆ, ಫೌಜದಾರರೂ ಹೊರಗೆ. ಮಳೆಯಲ್ಲಿ ನೆನೆಯಲು ಯಾರಿಗೆ ಹುಚ್ಚು? ಇದನ್ನು ನಮ್ಮ ಯಜಮಾನರು ಎಷ್ಟು ವಿನಯದಿಂದ ಹೇಳಿದರೂ ಕಾಕಾ ಕೇಳಲಿಲ್ಲ. ತಿಂಗಳು ಮುಗಿಯುವುದರೊಳಗೆ ಮನೆ ಬಿಡಿ ಎಂದರು.

ಕಳೆದ ಶುಕ್ರವಾರ ಬೆಳಿಗ್ಗೆ ಅವರೇ ಮಹಡಿಗೆ ಬಂದು, ಗಳದ ಮೇಲಿನ ಸೀರೆಯನ್ನು ಕೈಯಾರೆ ಜಗ್ಗಿ ಕೆಳಗೆ ಹಾಕಿದರು.

"ಅಯ್ಯ ನಾರಾಯಣಾ! ಮುಟ್ಟೇ ಬಿಟ್ನಲ್ಲೋ! ನನ್ನ ಮಡಿ ಸೀರಿ ಮುಟ್ಟಲಿಕ್ಕೆ ಇವನ್ಯಾರು?"

"ಸುಮ್ಮನಿರವಾ, ಮನಿ ಅವರದು," ಎಂದರು ನಮ್ಮ ಯಜಮಾನರು.

"ಮನಿ ಅವಂದು, ಸೀರಿ ನಂದು. ಮೈಲಿಗಿ ಆತಲ್ಲ, ಮತ್ತ ಒಗದು ಹಾಕಾಕಿನs ನಾನು."

ಹಾಕಿದರು. ಜಾಲಿಸಿ, ಹಿಂಡಿ, ಮೊದಲಿಗಿಂತ ಅಗಲವಾಗಿ ಹರವಿದರು. ಅಂಗಳದಲ್ಲಿ ನಿಂತಿದ್ದ ಕಾಕಾ ಮೇಲೆ ನೋಡಿದರು. ಒಮ್ಮೆ ಇಳಿಸಿದ ಸನ್ನೆ ಮತ್ತೆ ಏರಿತ್ತು! ಇನ್ನೇನು ಸಾಕ್ಷಿ ಬೇಕು? ಫೋನಿನ ಬೀಗ ತೆಗೆದು ಪೊಲೀಸರ ದೊಡ್ಡ ಅಧಿಕಾರಿಗೇ ದೂರು ಕೊಟ್ಟರು. ನಿಮ್ಮ ಫೌಜದಾರ ನನ್ನ ಮನೆಯ ಮೇಲೆಯೇ ಗೂಢಚಾರರನ್ನು ಇಟ್ಟಿದ್ದಾನೆ, ಬಂದು ನೋಡಿ ಎಂದು.

ದೂರು ಬಂದ ಮೇಲೆ ನೋಡಲೇಬೇಕಲ್ಲ. ಮಧ್ಯಾಹ್ನ ಅದೇ ಫೌಜದಾರರು ಮಹಡಿ ಹತ್ತಿದರು. ಆಜಾನುಬಾಹು ಮನುಷ್ಯ. ಹಿಂದೆ ಕಾಕಾ.

"ಮಾಜೀ, ಈ ಸೀರೆ ಯಾಕೆ ಇಲ್ಲಿ?" ಎಂದು ಕೇಳುತ್ತ ಫೌಜದಾರರು ಸೀರೆಯತ್ತ ಕೈ ಚಾಚಿದರು.

ಅತ್ತೆ ಕೋಲೆತ್ತಿದರು. "ಮುಟ್ಟಬ್ಯಾಡ! ಹಿಂದ ಸರಿ, ಹಿಂದ!"

ಭಾಷೆ ಬಾರದಿದ್ದರೂ ಕೋಲು ಅರ್ಥವಾಯಿತು. ಫೌಜದಾರರು ನಗುತ್ತ ಎರಡೂ ಕೈ ಹಿಂದೆ ಕಟ್ಟಿಕೊಂಡು ಸರಿದರು. ಅತ್ತೆಗೆ ಅದು ಸಾಲಲಿಲ್ಲ. ಇನ್ನೂ ಸರಿದರು. ಸರಿದು ಸರಿದು ಮೂಲೆಯ ಅಡ್ಡಗೋಡೆಗೆ ಬೆನ್ನು ತಾಗಿದಾಗ ಹಿಂದಿರುಗಿ ನೋಡಿದರು.

ಆ ಗೋಡೆ ಅತ್ತೆಯ ತಲೆಗಿಂತ ಎತ್ತರ. ಅವರಿಗೆ ಅದರಾಚೆ ಕಾಣದು. ನಾವಂತೂ ಆ ಮೂಲೆಗೆ ಹೋಗುವಂತಿಲ್ಲ. ಗೋಡೆಯಾಚೆ ಹಿಂದಿನ ಓಣಿಗೆ ಸೇರಿದ, ಸದಾ ಬೀಗ ಹಾಕಿರುವ ಅಂಗಳ. ಸೂರತ್ತಿನ ಭಾವಮೈದುನನ ಹೆಸರಿನಲ್ಲಿತ್ತಂತೆ. ಅಲ್ಲಿ ತಗಡಿನ ಚಪ್ಪರದಡಿ ಸಿಮೆಂಟು ಚೀಲಗಳು ಒಂದರ ಮೇಲೊಂದು ಕೂತಿದ್ದವು.

ಫೌಜದಾರರ ನಗು ಹೋಯಿತು. "ಕಾಕಾ, ಈ ಅಂಗಳದ ಬೀಗದ ಕೈ ಯಾರ ಹತ್ತಿರ ಇದೆ?"

ಕಾಕಾ ಅವರ ಕಣ್ಣು ಆಗಲೂ ಸೀರೆಯ ಮೇಲೆಯೇ ಇತ್ತು.

ಓಣಿಯಲ್ಲಿ ಯಾರೂ ಚಾಡಿ ಹೇಳಿರಲಿಲ್ಲ. ಕ್ಷೌರಿಕನೂ ಇಲ್ಲ, ಚಹಾದವನೂ ಇಲ್ಲ, ಗಿಳಿಯೂ ಇಲ್ಲ. ಪೊಲೀಸರನ್ನು ಕೈಹಿಡಿದು ಕರೆತಂದು ಆ ಮೂಲೆಯಲ್ಲಿ ನಿಲ್ಲಿಸಿದವರು ಅವರೇ. ಅದನ್ನು ನೆನೆದು ನನಗೆ ಖುಷಿಯಾಗಬೇಕಿತ್ತು. ಆಗಲಿಲ್ಲ. ಏಕೆಂದರೆ ಅಂದೇ ಬಂಧಿತರಾದವರು ಸೋಮವಾರ ಜಾಮೀನಿನ ಮೇಲೆ ಹೊರಗೆ ಬಂದರು. ಅಹಮದಾಬಾದಿನ ದೊಡ್ಡವರು ಮಾತಾಡಿದರಂತೆ. ಕೊರಳಲ್ಲಿ ಹಾರ, ಹಿಂದೆ ಜೈಕಾರ! ಮೆರವಣಿಗೆ ಬಂದದ್ದು ಬಾಲವಾಡಿಯ ಮುಂದಿನಿಂದಲೇ. ಬಿದ್ದ ಗೋಡೆಯ ಇಟ್ಟಿಗೆಗಳು ಇನ್ನೂ ಅಲ್ಲೇ ಇವೆ. ಹಾರ ಹಾಕಿದವರಲ್ಲಿ ಒಬ್ಬನಿಗಾದರೂ ನಾಚಿಕೆಯಾಗಬೇಡವೇ? ಸಿಟ್ಟಿನಿಂದ ನನ್ನ ಮೈ ಉರಿಯಿತು.

ನಾವು ಮಕರಪುರದ ಕಡೆ ಮನೆ ನೋಡಿದ್ದೇವೆ. ನಿನ್ನೆ ಪಾತ್ರೆ ಕಟ್ಟುತ್ತಿದ್ದೆ. ಕಾಕಾ ಮೆಟ್ಟಿಲ ಬಳಿ ಬಂದು, ದನಿ ತಗ್ಗಿಸಿ ಕೇಳಿದರು:

"ಬೆನ್, ಹೇಗಿದ್ದರೂ ಹೋಗುತ್ತಿದ್ದೀರಿ. ನಿಜ ಹೇಳಿ. ಹೇಳಿದ್ದು ಯಾರು?"

ಅತ್ತೆ ಒಳಗಿನಿಂದ, "ಏನಂತಾನವಾ?" ಎಂದರು. ನಾನು ಕನ್ನಡದಲ್ಲಿ ಹೇಳಿದೆ. ಅತ್ತೆ ಬಾಗಿಲಿಗೆ ಬಂದು, ರೇವಾ ತುಳಸಿ ಇಡುತ್ತಿದ್ದ ಮೆಟ್ಟಿಲನ್ನು ನೋಡಿದರು.

"ಹೇಳಿದವರು ಯಾರು ಅಂತ ಕೇಳಲಿಕ್ಕೆ ಬಂದಾನ. ಸತ್ತಾಕಿ ಯಾರು ಅಂತ ಒಮ್ಮೆರೆ ಕೇಳ್ಯಾನೇನು?"