ತನ್ನ ಹೆಗಲಿಗೊಂದು ಬ್ಯಾಗು

ನಮ್ಮ ಬೀದಿಯಲ್ಲಿ ಅವಳನ್ನು ಹೆಸರು ಹಿಡಿದು ಕರೆದವರಿಲ್ಲ. ದೊಡ್ಡವರು, ಚಿಕ್ಕವರು ಎಲ್ಲರಿಗೂ ಅವಳು ಫೋಟೋ ಅಕ್ಕ. ಅಪ್ಪನಿಂದ ಬಂದ ಸಣ್ಣದೊಂದು ಸ್ಟುಡಿಯೋ, ಎರಡು ದೀಪ, ಮಾಸಿದ ನೀಲಿ ಪರದೆ, ಇಷ್ಟೇ ಅವಳ ಆಸ್ತಿ. ಆದರೂ ಸುತ್ತಮುತ್ತಲಿನ ಮದುವೆಗಳಿಗೆಲ್ಲ ಅವಳೇ ಬೇಕು. ಬೀಗರ ಮೇಲೆ ಮುನಿಸಿಕೊಂಡು ಮುಖ ಊದಿಸಿಕೊಂಡ ಮಾವಂದಿರು ಕೂಡ ಅವಳ ಕ್ಯಾಮೆರಾದ ಮುಂದೆ ನಿಂತರೆ ಹೇಗೋ ಸಡಿಲವಾಗುತ್ತಿದ್ದರು.

ಅವಳ ಗಂಡ ಮೊದಲು ಒಂದು ಮುದ್ರಣಾಲಯದಲ್ಲಿದ್ದ. ಅದು ಬಾಗಿಲು ಹಾಕಿದ ಮೇಲೆ ಕೆಲವು ತಿಂಗಳು ಮನೆಯಲ್ಲೇ ಕೂತ. ಒಂದು ಬೆಳಿಗ್ಗೆ ಹೆಂಡತಿ ಬ್ಯಾಗು ಹೊತ್ತು ಏದುಸಿರು ಬಿಡುತ್ತ ಮೆಟ್ಟಿಲಿಳಿಯುವುದನ್ನು ಕಂಡು, ತಾ ಇಲ್ಲಿ ಎಂದು ಅದನ್ನು ತನ್ನ ಹೆಗಲಿಗೆ ಹಾಕಿಕೊಂಡ. ಆಮೇಲೆ ಅದು ಅವನ ಹೆಗಲಿನಿಂದ ಇಳಿಯಲಿಲ್ಲ. ವರ್ಷಗಳು ಕಳೆದಂತೆ ಬ್ಯಾಗು ತುಂಬುತ್ತ ಹೋಯಿತು. ಎರಡನೇ ಕ್ಯಾಮೆರಾ ಬಂತು, ದೂರದ್ದನ್ನು ಹತ್ತಿರ ತರುವ ಉದ್ದನೆಯ ಲೆನ್ಸು ಬಂತು, ಫ್ಲ್ಯಾಷು, ಬ್ಯಾಟರಿ, ಚಾರ್ಜರು ಬಂದವು. ಹೊರುವವನು ಗೊಣಗಲಿಲ್ಲವಾದ್ದರಿಂದ ಅವಳೂ ಎತ್ತಿ ನೋಡಲಿಲ್ಲ.

ಅವನ ಕೆಲಸ ಹೊರುವುದಷ್ಟೇ ಆಗಿರಲಿಲ್ಲ. ಕಣ್ಣನ್ನು ಕ್ಯಾಮೆರಾದಿಂದ ತೆಗೆಯದೆ ಫೋಟೋ ಅಕ್ಕ ಕೈಯನ್ನು ಹಿಂದಕ್ಕೆ ಚಾಚಿದರೆ ಸಾಕು, ಬೇಕಾದ ಲೆನ್ಸು ಮುಚ್ಚಳ ತೆಗೆಸಿಕೊಂಡು ಅಂಗೈಗೆ ಬರುತ್ತಿತ್ತು. ಯಾವುದು ಎಂದು ಅವಳು ಹೇಳುತ್ತಲೂ ಇರಲಿಲ್ಲ, ಅವನು ಕೇಳುತ್ತಲೂ ಇರಲಿಲ್ಲ. ಹೆಂಡತಿ ಬಾಲ ಹಿಡ್ಕೊಂಡು ಓಡಾಡ್ತೀಯಲ್ಲೋ ಎಂದು ನೆಂಟರು ಕಿಚಾಯಿಸಿದರೆ, ರಾಣಿ ಹಿಂದೆ ಖಜಾನೆ ಹೊರೋಕೆ ನಂಬಿಕಸ್ಥರೇ ಬೇಕು ಎಂದು ನಗುತ್ತಿದ್ದ.

ನಗದೆ ಉಳಿದವರು ಅವನ ತಾಯಿಯೊಬ್ಬರೇ. ಮಗ ಸೊಸೆಯ ಹಿಂದೆ ಮೂಟೆ ಹೊತ್ತು ಹೋಗುವುದನ್ನು ಬೀದಿಯವರು ನೋಡುತ್ತಾರಲ್ಲ ಎಂಬುದು ಅವರ ಸಂಕಟ. ಬಾಯಿಬಿಟ್ಟು ಅಂದವರಲ್ಲ. ಅವರಿಬ್ಬರು ಹೊರಡುವ ಹೊತ್ತಿಗೆ ಸರಿಯಾಗಿ ಅವರಿಗೆ ಒಳಗೆ ಏನಾದರೊಂದು ಕೆಲಸ ನೆನಪಾಗುತ್ತಿತ್ತು.

ಒಂದು ಮದುವೆಗೆ ಹೊರಡುವ ಬೆಳಿಗ್ಗೆ ಅವನು ಜಗಲಿಯ ಮೇಲೆ ಕೂತು ಶೂ ಲೇಸು ಕಟ್ಟಿಕೊಳ್ಳುತ್ತಿದ್ದ. ಒಂದು ಕಾಲಿನದು ಮುಗಿದಿತ್ತು. ಬ್ಯಾಗು ಪಕ್ಕದಲ್ಲೇ ಇತ್ತು. ಅವಳು ಬೀಗದ ಕೈ ಹುಡುಕಿಕೊಂಡು ಹೊರಗೆ ಬರುವಷ್ಟರಲ್ಲಿ ಅವನು ಗೋಡೆಗೊರಗಿ ಕೂತಲ್ಲೇ ಹೋಗಿಬಿಟ್ಟಿದ್ದ. ಹೃದಯದ ರಕ್ತನಾಳ ಯಾವ ಕಾಲದಿಂದಲೋ ಕಟ್ಟಿಕೊಂಡು ಬಂದಿತ್ತು, ಯಾರಿಗೂ ಗೊತ್ತಾಗುವಂಥದ್ದಲ್ಲ ಎಂದು ಆಸ್ಪತ್ರೆಯಲ್ಲಿ ಡಾಕ್ಟರು ಬಿಡಿಸಿ ಹೇಳಿದರು. ಆದರೆ ದೇಹವನ್ನು ಮನೆಗೆ ತಂದಾಗ ತಾಯಿ ಸೊಸೆಯ ಮುಖ ನೋಡಿ, ತುಂಬಿದ ಜನರ ನಡುವೆ ಒಂದೇ ಮಾತು ಅಂದರು.

"ನಿನ್ನ ಬ್ಯಾಗು ಹೊತ್ತು ಹೊತ್ತೇ ಹೋದ ನನ್ನ ಮಗ."

ಆ ಮಾತು ಫೋಟೋ ಅಕ್ಕನೊಳಗೆ ಇಳಿದು ಕೂತುಬಿಟ್ಟಿತು. ಸ್ಟುಡಿಯೋ ಬಾಗಿಲು ತೆರೆಯಲಿಲ್ಲ. ಒಂದೇ ಸೂರಿನಡಿ ಅತ್ತೆ ಸೊಸೆ ಬೇಕಾದಷ್ಟೇ ಮಾತಾಡಿಕೊಂಡು ದಿನ ತಳ್ಳಿದರು.

ಹಾಗಿರುವಾಗ ಒಬ್ಬ ತಾಯಿ ಬಂದರು. ಮಗಳ ಮದುವೆಯ ಫೋಟೋಗೆ ಅವನಿದ್ದಾಗಲೇ ಮಾತಾಗಿತ್ತು. ಕಷ್ಟವಾದರೆ ಬೇರೆಯವರನ್ನು ನೋಡಿಕೊಳ್ಳುತ್ತೇವೆ, ಆದರೆ ಹುಡುಗಿ ನೀವೇ ಬೇಕು ಅನ್ನುತ್ತಿದ್ದಾಳೆ ಎಂದರು. ಅಡುಗೆಮನೆಯಿಂದ ಅತ್ತೆಯ ದನಿ ಬಂತು. ಬರ್ತಾಳೆ, ಎಂದರು. ಯಾಕೆ ಹಾಗೆ ಅಂದರೋ ಅವರಿಗೇ ತಿಳಿದಿತ್ತೋ ಇಲ್ಲವೋ.

ಹಳೆಯ ಬ್ಯಾಗನ್ನು ಅವಳು ಅವತ್ತೇ ಹೆಗಲಿಗೆ ಹಾಕಿ ನೋಡಿದಳು. ಪಟ್ಟಿ ಅವನ ಎತ್ತರಕ್ಕಿತ್ತು. ಬ್ಯಾಗು ಅವಳ ಮಂಡಿಗೆ ಬಡಿಯಿತು. ಗಿಡ್ಡ ಮಾಡೋಣವೆಂದರೆ ಬಕಲ್ಲು ತುಕ್ಕು ಹಿಡಿದು ಅಲ್ಲೇ ಕಚ್ಚಿಕೊಂಡಿತ್ತು. ಇಕ್ಕಳ ತಂದು ಹಿಡಿದವಳು, ಹಾಗೇ ಕೆಳಗಿಟ್ಟಳು. ಮಾರನೆಯ ದಿನ ಸಾಮಾನನ್ನೆಲ್ಲ ಟವೆಲುಗಳಲ್ಲಿ ಸುತ್ತಿ, ದೊಡ್ಡದೊಂದು ಬಟ್ಟೆಯ ಚೀಲಕ್ಕೆ ತುಂಬಿ ಹೊಸ ಬ್ಯಾಗು ಕೊಳ್ಳಲು ಹೊರಟಾಗ, ಅತ್ತೆ ಚಪ್ಪಲಿ ಮೆಟ್ಟಿಕೊಂಡು ಬಾಗಿಲಲ್ಲಿ ನಿಂತಿದ್ದರು. ಬಸ್ಸಿನಲ್ಲಿ ಇಬ್ಬರೂ ಚೀಲದ ಒಂದೊಂದು ಕಿವಿ ಹಿಡಿದುಕೊಂಡು ಕೂತರು.

ಇಕ್ಕಟ್ಟಾದ ಅಂಗಡಿ. ಚಾವಣಿಯಿಂದ ಬ್ಯಾಗುಗಳು ತೂಗುತ್ತಿದ್ದವು. ಅಂಗಡಿಯವನು ಗಂಡ ಹೆಂಡತಿ ಇಬ್ಬರಿಗೂ ಬಹಳ ದಿನದ ಪರಿಚಯದವನು. ಅವಳನ್ನು ಕಂಡು ನಕ್ಕು, ಅವಳ ಹೆಗಲ ಮೇಲಿಂದ ಬಾಗಿಲಾಚೆ ಇಣುಕಿದ.

"ಅಣ್ಣ ಗಾಡಿ ನಿಲ್ಲಿಸ್ತಿದ್ದಾರಾ?"

ಅತ್ತೆ ಮುಂದೆ ಬಂದು, ಅವನಿಲ್ಲಪ್ಪ ಎಂದರು. ಊರಿಗೆ ಹೋಗಿರಬೇಕೆಂದುಕೊಂಡು ಅಂಗಡಿಯವನು ತಲೆಯಾಡಿಸಿದ. ಯಾವಾಗ ಬರ್ತಾರೆ ಎಂದು ಕೇಳಹೋದವನು ಇಬ್ಬರ ಮುಖ ನೋಡಿ ಅರ್ಧಕ್ಕೇ ನಿಲ್ಲಿಸಿದ. ಸುಮ್ಮನೆ ಹೋಗಿ ಒಂದು ಸ್ಟೂಲು ತಂದು ಅತ್ತೆಗೆ ಹಾಕಿದ.

ಆಮೇಲೆ ಅವನು ಮೆತ್ತಗೆ ಒಂದೊಂದೇ ಬ್ಯಾಗು ಇಳಿಸಿದ. ಬೆನ್ನಿಗೆ ಹಾಕುವುದನ್ನು ಮೊದಲು ತೋರಿಸಿದ. ಭಾರ ಎರಡು ಹೆಗಲಿಗೂ ಹಂಚಿಹೋಗುತ್ತೆ, ಸೊಂಟಕ್ಕೂ ಪಟ್ಟಿ ಇದೆ ಎಂದ. ಫೋಟೋ ಅಕ್ಕ ಸಾಮಾನು ತುಂಬಿ ಹಾಕಿಕೊಂಡಳು. ನಿಜಕ್ಕೂ ಹಗುರವಾಗಿತ್ತು. ಅಷ್ಟರಲ್ಲಿ ಅವನಿಗೇ ಏನೋ ಹೊಳೆದು, ಕೇಳಲೋ ಬೇಡವೋ ಎಂಬಂತೆ ಕೇಳಿದ.

"ಅಕ್ಕ, ಲೆನ್ಸು ತೆಗೆದು ಕೈಗೆ ಕೊಡೋಕೆ ಜೊತೇಲಿ ಯಾರಾದ್ರೂ ಇರ್ತಾರಾ?"

"ಇಲ್ಲ," ಎಂದಳು. "ಯಾರೂ ಇರಲ್ಲ."

ಅಷ್ಟು ದಿನ ಎಷ್ಟೋ ಜನ ಸಮಾಧಾನ ಹೇಳಿ ಹೋಗಿದ್ದರು. ಈ ಮಾತನ್ನು ಮಾತ್ರ ಅವಳು ತನ್ನ ಬಾಯಿಂದಲೇ ಆಡಿದ್ದು ಅದೇ ಮೊದಲು. ಹಾಗಾದರೆ ಇದು ಬೇಡ, ಪ್ರತಿ ಸಲವೂ ಬೆನ್ನಿಂದ ಇಳಿಸಬೇಕಾಗುತ್ತೆ ಎಂದು ಅವನು ಪಕ್ಕಕ್ಕೆ ಜೋತುಬೀಳುವ ಬ್ಯಾಗು ಕೊಟ್ಟ. ಹೊತ್ತುಕೊಂಡೇ ಜಿಪ್ಪು ತೆರೆಯಬಹುದು. ಸಾಮಾನೆಲ್ಲ ಅದಕ್ಕೆ ತುಂಬಿ ಗಲ್ಲಾದ ಮೇಲಿಟ್ಟರು.

ಸ್ಟೂಲಿನ ಮೇಲಿದ್ದ ಅತ್ತೆ ಎದ್ದು ಬಂದರು. ಯಾರನ್ನೂ ಕೇಳದೆ ಪಟ್ಟಿಯೊಳಗೆ ತಲೆ ತೂರಿಸಿ, ಬ್ಯಾಗನ್ನು ಗಲ್ಲಾದಿಂದ ತಮ್ಮ ಹೆಗಲಿಗೆ ಎಳೆದುಕೊಂಡರು. ಮೈ ಒಂದು ಕಡೆಗೆ ವಾಲಿತು. ಬೀಳುತ್ತಾರೇನೋ ಎಂದು ಸೊಸೆ ಅಡಿಯಿಂದ ಕೈ ಕೊಟ್ಟಳು. ಇಬ್ಬರೂ ಬ್ಯಾಗು ಹಿಡಿದು ನಿಂತರು.

"ಇಷ್ಟು ಭಾರ ಹೊರ್ತಿದ್ನೇನೇ?"

"ಹೂಂ ಅತ್ತೆ. ಇದಕ್ಕಿಂತ ಜಾಸ್ತೀನೇ. ನಾನು ಎತ್ತಿ ನೋಡಿರ್ಲಿಲ್ಲ."

ಅತ್ತೆ ಬ್ಯಾಗನ್ನು ಅಪ್ಪಿಕೊಂಡಂತೆ ಹಿಡಿದು ಅತ್ತರು. ಅಂಗಡಿಯವನು ಬೆನ್ನು ತಿರುಗಿಸಿ, ಆಗಲೇ ಸರಿಯಾಗಿದ್ದ ಬ್ಯಾಗುಗಳನ್ನು ಮತ್ತೆ ಸರಿಮಾಡುತ್ತ ನಿಂತ.

ಕೊನೆಗೆ ಫೋಟೋ ಅಕ್ಕ ಆರಿಸಿದ್ದು ಅದಕ್ಕಿಂತ ಚಿಕ್ಕದನ್ನು. ಒಂದು ಕ್ಯಾಮೆರಾ, ಎರಡು ಲೆನ್ಸು, ಒಂದು ಫ್ಲ್ಯಾಷು ಹಿಡಿಸುವಂಥದ್ದು. ಉದ್ದನೆಯ ಲೆನ್ಸು ಅದರಲ್ಲಿ ಕೂರುತ್ತಿರಲಿಲ್ಲ. ಅದಿಲ್ಲದಿದ್ದರೆ ದೂರ ನಿಂತು ತೆಗೆಯುವ ಚಿತ್ರಗಳನ್ನು ಬಿಡಬೇಕಾಗುತ್ತಿತ್ತು. ಬಿಡುತ್ತೇನೆ ಎಂದಳು. ಪಟ್ಟಿಯನ್ನು ಅಂಗಡಿಯವನೇ ಬ್ಯಾಗು ಅವಳ ಸೊಂಟದ ಮಟ್ಟಕ್ಕೆ ಬರುವಂತೆ ಬಿಗಿಮಾಡಿಕೊಟ್ಟ.

ಮದುವೆಯ ದಿನ ಛತ್ರದ ತುಂಬ ಜನ. ಬ್ಯಾಗು ಎಲ್ಲಿರಬೇಕೋ ಅಲ್ಲೇ ಇತ್ತು, ಜಿಪ್ಪು ಸಲೀಸಾಗಿ ತೆರೆಯುತ್ತಿತ್ತು. ಅದನ್ನು ದೂರುವಂತಿರಲಿಲ್ಲ. ಮದುಮಗಳು ತನ್ನಪ್ಪನ ಕಡೆ ತಿರುಗಿ ಅವರ ಕನ್ನಡಕ ಸರಿಮಾಡಿದಳು. ಅಂಥ ಗಳಿಗೆ ಮತ್ತೆ ಸಿಗುವುದಿಲ್ಲ. ಫೋಟೋ ಅಕ್ಕ ಕಣ್ಣನ್ನು ಕ್ಯಾಮೆರಾಕ್ಕೆ ಒತ್ತಿಕೊಂಡೇ ಕೈಯನ್ನು ಹಿಂದಕ್ಕೆ ಚಾಚಿದಳು.

ಹಿಂದೆ ನಿಂತಿದ್ದ ಯಾರೋ ಹಿರಿಯರು, ಪಾಪ, ಬಾಯಾರಿರಬೇಕೆಂದುಕೊಂಡು ತಮ್ಮ ಕೈಯಲ್ಲಿದ್ದ ಶರಬತ್ತಿನ ಲೋಟವನ್ನು ಅವಳ ಅಂಗೈಗಿಟ್ಟರು.

ತಣ್ಣಗೆ ತಾಗಿದ್ದೇ ಅವಳು ತಿರುಗಿದಳು. ಅವರು ಕುಡಿಯಮ್ಮ ಎಂದರು. ಅವರಿಗೆ ಬೇಜಾರಾಗಬಾರದೆಂದು ಅವಳು ನಿಂತಲ್ಲೇ ಪೂರ್ತಿ ಕುಡಿದಳು, ಲೋಟ ವಾಪಸು ಕೊಟ್ಟಳು, ಒಳ್ಳೇದು ಎಂದಳು. ಮದುಮಗಳು ಅಷ್ಟರಲ್ಲಿ ಬೇರೆ ಕಡೆ ನೋಡುತ್ತಿದ್ದಳು. ಗೋಡೆ ಪಕ್ಕ ಪೇರಿಸಿದ್ದ ಕುರ್ಚಿಗಳ ಮರೆಗೆ ಹೋಗಿ, ಲೆನ್ಸು ಬದಲಾಯಿಸುವವಳಂತೆ ತಲೆ ತಗ್ಗಿಸಿ, ಫೋಟೋ ಅಕ್ಕ ಅತ್ತಳು. ಆಮೇಲೆ ಕಣ್ಣೊರೆಸಿಕೊಂಡು ಬಂದು ಉಳಿದ ಕೆಲಸ ಮುಗಿಸಿದಳು. ಚಿತ್ರಗಳು ಚೆನ್ನಾಗೇ ಬಂದವು ಎಂದು ಆಮೇಲೆ ಎಲ್ಲರೂ ಹೇಳಿದರು. ಕನ್ನಡಕದ್ದು ಮಾತ್ರ ಅದರಲ್ಲಿರಲಿಲ್ಲ.

ಮಧ್ಯಾಹ್ನ ಇಳಿದ ಮೇಲೆ ಮನೆಗೆ ಬಂದಳು. ಹೆಗಲ ಮೇಲೆ ಪಟ್ಟಿಯ ಗುರುತು ಕೆಂಪಗೆ ಎದ್ದಿತ್ತು. ಅತ್ತೆ ಬಟ್ಟೆಯನ್ನು ಬಿಸಿನೀರಿನಲ್ಲಿ ಅದ್ದಿ ಹಿಂಡಿ, ಅವಳನ್ನು ಕೂರಿಸಿ ಹಿಂದೆ ನಿಂತು ಶಾಖ ಕೊಟ್ಟರು. ಅವರ ಮುಖ ತನಗೆ ಕಾಣುತ್ತಿಲ್ಲವೆಂಬ ಧೈರ್ಯದಿಂದ ಅವಳು ಕೇಳಿದಳು.

"ಅತ್ತೆ, ಆವತ್ತು ಅಂದ್ರಲ್ಲ. ಅದು ನಿಜಾನಾ?"

ಬಟ್ಟೆ ಹೆಗಲ ಮೇಲೆ ನಿಂತಿತು.

"ನಂಗೊತ್ತಿಲ್ಲ ಕಣೇ. ಯಾರನ್ನಾದ್ರೂ ಬೈಬೇಕಿತ್ತು. ನೀನು ಹತ್ರ ಇದ್ದೆ."

ಸುಳ್ಳು ಎಂದು ಅವರು ಅನ್ನಲಿಲ್ಲ. ಅನ್ನಲಿ ಎಂದು ಅವಳು ಕಾದಳು. ಅತ್ತೆ ತಣ್ಣಗಾದ ಬಟ್ಟೆಯನ್ನು ಮತ್ತೆ ಬಿಸಿನೀರಿಗೆ ಅದ್ದಿದರು.